ವರ್ಕ್‌ಶಾಪಿಗೆ ಕಾರ್ಡ್‌ಲೆಸ್ ಡ್ರಿಲ್ ಆರಿಸುವುದು ಹೇಗೆ? ತೂತಿನ ಲೆಕ್ಕದಿಂದ ಶುರು ಮಾಡಿ

ನಮ್ಮ ವರ್ಕ್‌ಶಾಪಿನ ಕಪಾಟಿನಲ್ಲಿ ಒಂದು ದೊಡ್ಡ ಡ್ರಿಲ್ ಇದೆ. ಡಬ್ಬದ ಮೇಲೆ ಟಾರ್ಕ್ (ತಿರುಚುವ ಬಲ) 130 ನ್ಯೂಟನ್-ಮೀಟರ್ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ನೋಡಿಯೇ ನಾನು ತಂದಿದ್ದು. ಈಗ ಅದು ವಾರಕ್ಕೆ ಒಂದೆರಡು ಸಲ ಹೊರಗೆ ಬಂದರೆ ಹೆಚ್ಚು. ಬೆಳಿಗ್ಗೆ ಬಂದ ಹುಡುಗರು ಮೊದಲು ಕೈ ಹಾಕುವುದು ಪಕ್ಕದಲ್ಲಿರುವ ಪುಟ್ಟ 12 ವೋಲ್ಟ್ ಡ್ರಿಲ್‌ಗೆ. ಅದು ಬೇರೆಯವರ ಕೈಯಲ್ಲಿದ್ದರೆ ಕಾಯುತ್ತಾರೆಯೇ ಹೊರತು ದೊಡ್ಡದನ್ನು ತೆಗೆಯುವುದಿಲ್ಲ.

ತಪ್ಪು ಆ ಡ್ರಿಲ್‌ನದ್ದಲ್ಲ, ನನ್ನದು. ವರ್ಷಕ್ಕೆ ನಾಲ್ಕು ಸಲ ಬರುವ ದೊಡ್ಡ ತೂತನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ್ದೆ. ದಿನಕ್ಕೆ ನೂರು ಸಲ ಬರುವ ಸಣ್ಣ ತೂತು ಲೆಕ್ಕಕ್ಕೇ ಬಂದಿರಲಿಲ್ಲ. ಈಗ ಮತ್ತೆ ಕೊಳ್ಳಬೇಕಾಗಿ ಬಂದರೆ ಯಾವ ಕ್ರಮದಲ್ಲಿ ಯೋಚಿಸುತ್ತೇನೋ ಅದೇ ಕ್ರಮದಲ್ಲಿ ಕೆಳಗೆ ಬರೆದಿದ್ದೇನೆ.

ಹಂತ 1: ಒಂದು ವಾರ ತೂತಿನ ಲೆಕ್ಕ ಬರೆಯಿರಿ

ಬೆಂಚಿನ ಪಕ್ಕ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಕಟ್ಟಿಡಿ. ಯಾರು ಡ್ರಿಲ್ ಎತ್ತಿದರೂ ನಾಲ್ಕು ವಿಷಯ ಬರೆಯಲಿ: ಯಾವ ವಸ್ತು, ಎಷ್ಟು ಮಿಲಿಮೀಟರ್, ಎಷ್ಟು ತೂತು, ಯಾವ ಭಂಗಿಯಲ್ಲಿ. ಭಂಗಿ ಅಂದರೆ ಬೆಂಚಿನ ಮೇಲೋ, ತಲೆಯ ಮೇಲೆ ಕೈ ಎತ್ತಿಯೋ, ಕಪಾಟಿನೊಳಗೆ ತೂರಿಕೊಂಡೋ ಎಂಬುದು. ಸ್ಕ್ರೂ ಹಾಕಿದ್ದನ್ನೂ ಬರೆಯಿರಿ. ಬಹಳಷ್ಟು ಕಡೆ ಡ್ರಿಲ್ ಕೊರೆಯುವುದಕ್ಕಿಂತ ಜಾಸ್ತಿ ಸ್ಕ್ರೂ ತಿರುಗಿಸುತ್ತದೆ.

ನಾವು ಬರೆದಾಗ ಹತ್ತರಲ್ಲಿ ಏಳೆಂಟು ಸಾಲುಗಳು 3ರಿಂದ 5 ಮಿ.ಮೀ. ತೂತು ಮತ್ತು ಸಾಧಾರಣ ಸ್ಕ್ರೂಗಳೇ ಆಗಿದ್ದವು. 10 ಮಿ.ಮೀ. ದಾಟಿದ್ದು ಬೆರಳೆಣಿಕೆಯಷ್ಟು. ನಿಮ್ಮ ಲೆಕ್ಕ ಬೇರೆ ಇರಬಹುದು. ಫ್ಯಾಬ್ರಿಕೇಶನ್ ಶೆಡ್‌ನ ಪಟ್ಟಿಯೂ ಬಡಗಿಯ ಪಟ್ಟಿಯೂ ಒಂದೇ ಥರ ಇರಲು ಸಾಧ್ಯವಿಲ್ಲ. ಮುಂದಿನ ಎಲ್ಲ ಹಂತಗಳಿಗೂ ಈ ಪಟ್ಟಿಯೇ ಆಧಾರ. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಪಟ್ಟಿಯಲ್ಲಿ ದಪ್ಪ ಕಬ್ಬಿಣಕ್ಕೆ 12 ಮಿ.ಮೀ. ತೂತು ದಿನಕ್ಕೆ ನೂರಾರು ಕಂಡರೆ, ನಿಮಗೆ ಬೇಕಿರುವುದು ಡ್ರಿಲ್ ಪ್ರೆಸ್ (ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್) ಅಥವಾ ಅಯಸ್ಕಾಂತದಿಂದ ಕಬ್ಬಿಣಕ್ಕೆ ಅಂಟಿಕೊಳ್ಳುವ ಮ್ಯಾಗ್ನೆಟಿಕ್ ಡ್ರಿಲ್. ಕಾರ್ಡ್‌ಲೆಸ್ ಎಷ್ಟೇ ಒಳ್ಳೆಯದಿದ್ದರೂ ಅದು ಕೈಯಲ್ಲಿ ಹಿಡಿಯುವ ಯಂತ್ರ.

ಹಂತ 2: ಯಾವ ಜಾತಿಯ ಯಂತ್ರ?

ನೋಡಲು ಒಂದೇ ಥರ ಇರುವ ನಾಲ್ಕು ಯಂತ್ರಗಳಿವೆ.

ಡ್ರಿಲ್ ಡ್ರೈವರ್ ಮಾಮೂಲಿ ಯಂತ್ರ. ಮುಂದೆ ಬಿಟ್ (ಕೊರೆಯುವ ಕಡ್ಡಿ) ಹಿಡಿಯುವ ಚಕ್, ಅದರ ಹಿಂದೆ ನಂಬರ್ ಇರುವ ಕ್ಲಚ್ ರಿಂಗ್. ಸ್ಕ್ರೂ ಸಾಕಷ್ಟು ಬಿಗಿಯಾದಾಗ ತಿರುಗಿಸುವುದನ್ನು ನಿಲ್ಲಿಸುವುದು ಈ ಕ್ಲಚ್. ಮರ, ಲೋಹ, ಪ್ಲಾಸ್ಟಿಕ್, ಸ್ಕ್ರೂ ಎಲ್ಲಕ್ಕೂ ಆಗುತ್ತದೆ.

ಹ್ಯಾಮರ್ ಡ್ರಿಲ್ ಅಂದರೆ ಅದೇ ಯಂತ್ರದೊಳಗೆ ಹಲ್ಲಿರುವ ಎರಡು ಬಿಲ್ಲೆಗಳು. ಒತ್ತಿ ಹಿಡಿದಾಗ ಅವು ಒಂದರ ಮೇಲೊಂದು ಉಜ್ಜಿ ಎಗರುತ್ತವೆ. ಇಟ್ಟಿಗೆ ಗೋಡೆಗೆ ಇಷ್ಟು ಸಾಕು. ಕಾಂಕ್ರೀಟಿಗೆ ಇದನ್ನು ನಂಬಿದರೆ ಬರುವುದು ಸದ್ದು ಮಾತ್ರ, ತೂತು ಇಳಿಯುವುದಿಲ್ಲ. ಕಾಂಕ್ರೀಟಿಗೆ ರೋಟರಿ ಹ್ಯಾಮರ್ ಬೇಕು. ಅದರೊಳಗೆ ಪಿಸ್ಟನ್ ಇದೆ, ಗಾಳಿಯ ಒತ್ತಡದಿಂದ ಬಿಟ್‌ನ ಹಿಂಬದಿಗೆ ಹೊಡೆಯುತ್ತದೆ. ಅದಕ್ಕೆ ಎಸ್‌ಡಿಎಸ್-ಪ್ಲಸ್ ಎಂಬ ಬೇರೆ ಬಗೆಯ ಬಿಟ್, ಯಂತ್ರದೊಳಗೆ ಕೂರುವ ಅದರ ಬುಡ 10 ಮಿ.ಮೀ. ದಪ್ಪ. ಹೊರಗೆ ಹೋಗಿ ಗೋಡೆಗೆ ಫಿಟ್ಟಿಂಗ್ ಮಾಡುವ ಕೆಲಸ ಇಲ್ಲದಿದ್ದರೆ ಈ ಎರಡೂ ಬೇಡ. ಹ್ಯಾಮರ್ ಇದ್ದರೆ ಇರಲಿ ಅಂತ ಸುಮ್ನೆ ತೆಗೆದುಕೊಂಡರೆ ಉದ್ದ ಮತ್ತು ತೂಕ ಹೆಚ್ಚುತ್ತದೆ ಅಷ್ಟೆ.

ಇಂಪ್ಯಾಕ್ಟ್ ಡ್ರೈವರ್ ಬೇರೆಯೇ ಪ್ರಾಣಿ. ಇದು ತಿರುಗುವ ದಿಕ್ಕಿನಲ್ಲೇ ಸುತ್ತಿಗೆ ಏಟು ಹಾಕುತ್ತದೆ. ಹಾಗಾಗಿ ಉದ್ದ ಸ್ಕ್ರೂ ಮರದೊಳಗೆ ಸಲೀಸಾಗಿ ಇಳಿಯುತ್ತದೆ, ಕೈಗೆ ಏನೂ ತಿಳಿಯುವುದಿಲ್ಲ. ಆದರೆ ಇದರಲ್ಲಿ ಚಕ್ ಇಲ್ಲ, 6.35 ಮಿ.ಮೀ. ಆರು ಮೂಲೆಯ ಬಿಟ್ ಮಾತ್ರ ಕೂರುತ್ತದೆ. ಮಾಮೂಲಿ ಕ್ಲಚ್ ಕೂಡ ಇಲ್ಲ. ಕಿವಿಗೆ ರಕ್ಷಣೆ ಬೇಕೇ ಬೇಕು. ಸ್ಕ್ರೂ ಕೆಲಸ ಹೆಚ್ಚಿದ್ದರೆ ಒಂದು ದೊಡ್ಡ ಡ್ರಿಲ್‌ಗಿಂತ ಒಂದು ಚಿಕ್ಕ ಡ್ರಿಲ್ ಮತ್ತು ಒಂದು ಇಂಪ್ಯಾಕ್ಟ್ ಡ್ರೈವರ್ ಜೋಡಿ ಮೇಲು. ಒಂದರಲ್ಲಿ ಬಿಟ್, ಇನ್ನೊಂದರಲ್ಲಿ ಸ್ಕ್ರೂ. ಬಿಟ್ ಬದಲಾಯಿಸುವ ಕೆಲಸವೇ ತಪ್ಪುತ್ತದೆ.

ಹಂತ 3: ವೋಲ್ಟೇಜ್

ಇಲ್ಲಿ ಮೊದಲು ಒಂದು ಗೊಂದಲ ಕಳೆಯೋಣ. 18 ವೋಲ್ಟ್ ಮತ್ತು “20 ವೋಲ್ಟ್ ಮ್ಯಾಕ್ಸ್” ಎರಡೂ ಒಂದೇ. ಎರಡರೊಳಗೂ ಐದು ಲಿಥಿಯಂ ಸೆಲ್‌ಗಳು ಸಾಲಾಗಿವೆ. ಒಂದೊಂದರ ಸರಾಸರಿ ವೋಲ್ಟೇಜ್ 3.6, ಐದಕ್ಕೆ 18. ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4ರ ಮೇಲೆ ಹೋಗುತ್ತದೆ, ಆಗ 20. ಡಿವಾಲ್ಟ್ ಕಂಪನಿ ಇದೇ ಬಗೆಯ ಯಂತ್ರಗಳನ್ನು ಅಮೆರಿಕದಲ್ಲಿ 20 ಅಂತಲೂ ಯುರೋಪಿನಲ್ಲಿ 18 ಅಂತಲೂ ಮಾರುತ್ತದೆ. 10.8 ಮತ್ತು 12ರ ಕಥೆಯೂ ಇದೇ, ಅಲ್ಲಿ ಮೂರು ಸೆಲ್.

ಮರ, ತೆಳು ಶೀಟ್, ಕಪಾಟು ಜೋಡಣೆ, ಪ್ಯಾನೆಲ್ ವೈರಿಂಗ್ ಕೆಲಸಕ್ಕೆ 12 ವೋಲ್ಟ್ ಸಾಕು. ತೂಕ ಸುಮಾರು ಒಂದು ಕಿಲೋ. 12ರಲ್ಲಿ 6 ಮಿ.ಮೀ. ತನಕ ಕಬ್ಬಿಣವೂ ಆರಾಮಾಗಿ ಆಗುತ್ತದೆ. ಅದಕ್ಕಿಂತ ದಪ್ಪ ತೂತು ದಿನವೂ ಇದ್ದರೆ, ಹೋಲ್ ಸಾ (ದೊಡ್ಡ ದುಂಡು ತೂತು ಕೊರೆಯುವ ಬಟ್ಟಲಿನಾಕಾರದ ಗರಗಸ) ಬಳಸುವವರಿದ್ದರೆ, 18ಕ್ಕೆ ಹೋಗಿ. 36, 40, 54 ವೋಲ್ಟ್ ಎಲ್ಲ ಗ್ರೈಂಡರ್, ಗರಗಸ, ದೊಡ್ಡ ಹ್ಯಾಮರ್‌ಗೆ ಅರ್ಥವಾಗುವ ಮಾತು. ಡ್ರಿಲ್ ಒಂದಕ್ಕೋಸ್ಕರ ಅಷ್ಟು ದೂರ ಹೋಗಬೇಕಿಲ್ಲ.

ಹಂತ 4: ಡಬ್ಬದ ಮೇಲಿನ ನಂಬರ್ ಓದುವುದು

ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದ್ದು ಇಲ್ಲೇ.

ಡಬ್ಬದ ಮೇಲೆ 100 ನ್ಯೂಟನ್-ಮೀಟರ್ ಮತ್ತು ಮೊದಲ ಗೇರಿನಲ್ಲಿ ನಿಮಿಷಕ್ಕೆ 500 ಸುತ್ತು ಅಂತ ಇದೆ ಅಂದುಕೊಳ್ಳಿ. ಎರಡೂ ಒಟ್ಟಿಗೆ ಸಿಗುವಂತಿದ್ದರೆ ಶಕ್ತಿ ಎಷ್ಟಾಗಬೇಕು? ಟಾರ್ಕನ್ನು ಸುತ್ತಿನಿಂದ ಗುಣಿಸಿ 9.55ರಿಂದ ಭಾಗಿಸಿದರೆ ವ್ಯಾಟ್ ಬರುತ್ತದೆ. 5,200 ವ್ಯಾಟಿಗೂ ಮೇಲೆ! 18 ವೋಲ್ಟ್ ಬ್ಯಾಟರಿಯಿಂದ ಅದನ್ನು ಎಳೆಯಲು ಹತ್ತಿರ ಹತ್ತಿರ 290 ಆಂಪಿಯರ್ ಬೇಕು. ಅಂಗೈ ಅಗಲದ ಬ್ಯಾಟರಿಗೆ ಅದು ಆಗುವ ಮಾತಲ್ಲ. ಅಂದರೆ ಸುತ್ತಿನ ನಂಬರ್ ಡ್ರಿಲ್ ಖಾಲಿ ತಿರುಗುವಾಗಿನದು. ಟಾರ್ಕ್ ನಂಬರ್ ಅದು ಗಕ್ಕನೆ ನಿಲ್ಲುವ ಕ್ಷಣದ್ದು. ನೀವು ಕೆಲಸ ಮಾಡುವುದು ಇವೆರಡರ ನಡುವೆ ಎಲ್ಲೋ.

ಟಾರ್ಕ್‌ನಲ್ಲೂ ಎರಡು ಬಗೆ ಇರುತ್ತದೆ, ಗಟ್ಟಿ ಮತ್ತು ಮೆದು. ಲೋಹಕ್ಕೆ ಬೋಲ್ಟ್ ಬಿಗಿದು ಥಟ್ಟನೆ ನಿಂತಾಗ ಅಳೆದದ್ದು ಗಟ್ಟಿ. ಮರಕ್ಕೆ ಸ್ಕ್ರೂ ಇಳಿಯುವ ಹಾಗೆ ನಿಧಾನಕ್ಕೆ ಬಿಗಿಯುತ್ತಾ ಹೋದಾಗ ಅಳೆದದ್ದು ಮೆದು. ಮೆದು ನಂಬರ್ ಯಾವಾಗಲೂ ಕಡಿಮೆ, ಎಷ್ಟೋ ಸಲ ಗಟ್ಟಿಯ ಅರ್ಧದಷ್ಟು. ಡಬ್ಬದ ಮೇಲೆ ದೊಡ್ಡದಾಗಿ ಇರುವುದು ಯಾವುದು ಅಂತ ಹೇಳಬೇಕಿಲ್ಲ ಅಲ್ವಾ? ಎರಡು ಡ್ರಿಲ್ ಹೋಲಿಸುವಾಗ ಮ್ಯಾನ್ಯುಯಲ್ ತೆಗೆದು ಮೆದು ಟಾರ್ಕನ್ನೇ ಹೋಲಿಸಿ. ಅದು ದಿನದ ಕೆಲಸಕ್ಕೆ ಹತ್ತಿರದ ನಂಬರ್.

ಇನ್ನು ವೇಗ. ಬಿಟ್‌ನ ಅಂಚು ವಸ್ತುವಿನ ಮೇಲೆ ಎಷ್ಟು ಜೋರಾಗಿ ಓಡಬೇಕು ಎಂಬುದಕ್ಕೆ ಒಂದು ಮಿತಿ ಇದೆ. ಸಾದಾ ಕಬ್ಬಿಣಕ್ಕೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಆದರೆ ನಿಮಿಷಕ್ಕೆ ಸುಮಾರು 25 ಮೀಟರ್. ಇದನ್ನು ಸಾವಿರದಿಂದ ಗುಣಿಸಿ, ಬಿಟ್‌ನ ವ್ಯಾಸ ಮತ್ತು 3.14ರ ಗುಣಲಬ್ಧದಿಂದ ಭಾಗಿಸಿದರೆ ಬೇಕಾದ ಸುತ್ತು ಸಿಗುತ್ತದೆ. ಲೆಕ್ಕ ಮಾಡಿಯೇ ಕೊಡುತ್ತೇನೆ:

3 ಮಿ.ಮೀ. ಬಿಟ್‌ಗೆ ಸುಮಾರು 2,650 ಸುತ್ತು
6 ಮಿ.ಮೀ.ಗೆ ಸುಮಾರು 1,330
10 ಮಿ.ಮೀ.ಗೆ ಸುಮಾರು 800
13 ಮಿ.ಮೀ.ಗೆ ಸುಮಾರು 600

ಸ್ಟೇನ್‌ಲೆಸ್ ಸ್ಟೀಲಿಗೆ ಇದರ ಅರ್ಧ ಇಟ್ಟುಕೊಳ್ಳಿ. ಅಲ್ಯೂಮಿನಿಯಂಗೆ ಎರಡು ಪಟ್ಟು ಹೋದರೂ ನಡೆಯುತ್ತದೆ.

ಈಗ ನಿಮ್ಮ ತೂತಿನ ಪಟ್ಟಿ ಪಕ್ಕದಲ್ಲಿಟ್ಟು ನೋಡಿ. ಹೆಚ್ಚಿನ ಡ್ರಿಲ್‌ಗಳಲ್ಲಿ ಮೊದಲ ಗೇರ್ 500ರ ಆಸುಪಾಸು, ಎರಡನೆಯದು 2,000ದ ಆಸುಪಾಸು. 3 ಮಿ.ಮೀ. ಕೆಲಸ ಜಾಸ್ತಿ ಇರುವವರಿಗೆ 1,500 ಸುತ್ತಿನ ಡ್ರಿಲ್ ಬಹಳ ನಿಧಾನ ಅನ್ನಿಸುತ್ತದೆ. 10 ಮಿ.ಮೀ. ಸ್ಟೇನ್‌ಲೆಸ್‌ಗೆ 400 ಬೇಕು, ಅಂದರೆ ಮೊದಲ ಗೇರಿನಲ್ಲೂ ಟ್ರಿಗರ್ ಪೂರ್ತಿ ಒತ್ತದೆ ಹಿಡಿಯಬೇಕು. ಸ್ಟೇನ್‌ಲೆಸ್ ಮೇಲೆ ಬಿಟ್ ಜೋರಾಗಿ ತಿರುಗಿ ಬರೀ ಉಜ್ಜಿದರೆ ಆ ಜಾಗವೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಎಂಥ ಡ್ರಿಲ್ ತಂದರೂ ಅದೇ ತೂತು ಮುಂದೆ ಹೋಗುವುದಿಲ್ಲ. ಹಾಗಾಗಿ ಲೋಹದ ಕೆಲಸದವರಿಗೆ ಟಾರ್ಕ್ ನಂಬರಿಗಿಂತ ಬೆರಳ ತುದಿಯ ಹಿಡಿತ ಮುಖ್ಯ. ಕೆಲವು ಮಾಡೆಲ್‌ಗಳಲ್ಲಿ ಮೂರು ಗೇರ್ ಇರುತ್ತವೆ. 6ರಿಂದ 10 ಮಿ.ಮೀ. ಕಬ್ಬಿಣದ ಕೆಲಸ ಹೆಚ್ಚಿರುವವರಿಗೆ ಆ ನಡುವಿನ ಗೇರ್ ವರದಾನ.

ಹಂತ 5: ಮೋಟಾರ್

ಬ್ರಶ್‌ಲೆಸ್ ತೆಗೆದುಕೊಳ್ಳಿ. ಕಾರ್ಬನ್ ಬ್ರಶ್ ಉಜ್ಜುವ ಮೋಟಾರಿನಲ್ಲಿ ಒಂದಷ್ಟು ಶಕ್ತಿ ಆ ಉಜ್ಜಾಟಕ್ಕೇ ಹೋಗುತ್ತದೆ, ಬ್ರಶ್ ಸವೆಯುತ್ತದೆ, ಮೋಟಾರ್ ಬೇಗ ಕಾಯುತ್ತದೆ. ಬ್ರಶ್‌ಲೆಸ್‌ನಲ್ಲಿ ಆ ಕೆಲಸವನ್ನು ಸರ್ಕ್ಯೂಟ್ ಮಾಡುತ್ತದೆ. ಅದೇ ಬ್ಯಾಟರಿಯಲ್ಲಿ ಹೆಚ್ಚು ತೂತು, ಮೋಟಾರೂ ಗಿಡ್ಡ. ಒಂದೇ ಕೊರತೆ ಅಂದರೆ ಸರ್ಕ್ಯೂಟ್ ಸುಟ್ಟರೆ ಸಾಮಾನ್ಯವಾಗಿ ಇಡೀ ಜೋಡಣೆಯೇ ಬದಲಾಗಬೇಕು. ಹಳೆಯದರಲ್ಲಾದರೆ ಎರಡು ಬ್ರಶ್ ಹಾಕಿದರೆ ಮುಗಿಯಿತು.

ಒಂದು ಎಚ್ಚರಿಕೆ. ಬ್ರಶ್‌ಲೆಸ್‌ನಲ್ಲಿ ಕಿಡಿ ಬರಲ್ಲ, ಥಿನ್ನರ್ ಪಕ್ಕದಲ್ಲೂ ನಡೆಯುತ್ತದೆ ಅಂತ ಹೇಳುವವರಿದ್ದಾರೆ. ಕೇಳಬೇಡಿ. ಸ್ವಿಚ್, ಬ್ಯಾಟರಿ ಕನೆಕ್ಷನ್, ಬಿಟ್‌ನ ಕಾವು ಎಲ್ಲಿಂದಾದರೂ ಬೆಂಕಿ ಹುಟ್ಟಬಹುದು. ಪೇಂಟ್ ಬೂತಿನೊಳಗೆ ಮಾಮೂಲಿ ಡ್ರಿಲ್ ಯಾವುದೂ ಬೇಡ.

ಹಂತ 6: ಚಕ್

ಚಿಕ್ಕ ಡ್ರಿಲ್‌ಗೆ 10 ಮಿ.ಮೀ., ದೊಡ್ಡದಕ್ಕೆ 13 ಮಿ.ಮೀ. ಚಕ್ ಮಾಮೂಲು. ಪ್ಲಾಸ್ಟಿಕ್ ಹೊದಿಕೆಗಿಂತ ಪೂರ್ತಿ ಲೋಹದ್ದು ಒಳ್ಳೆಯದು. ಬಿಗಿಯುವಾಗ ಕಟಕಟ ಅಂತ ಲಾಕ್ ಆಗುವ ಚಕ್ ಆದರೆ ಕೆಲಸದ ಮಧ್ಯೆ ಬಿಟ್ ಜಾರುವುದು ಕಡಿಮೆ. ಚಕ್ ಸವೆಯುವ ಭಾಗ, ಒಂದಲ್ಲ ಒಂದು ದಿನ ಬದಲಾಯಿಸಲೇಬೇಕು. ಬಿಚ್ಚುವಾಗ ದವಡೆಗಳ ನಡುವೆ ಒಳಗೊಂದು ಸ್ಕ್ರೂ ಇರುತ್ತದೆ, ಅದು ಸಾಮಾನ್ಯವಾಗಿ ಉಲ್ಟಾ ಥ್ರೆಡ್. ಇದು ಗೊತ್ತಿಲ್ಲದೆ ನಾನು ಒಂದರ ತಲೆ ಕಿತ್ತು ಹಾಕಿದ್ದೇನೆ.

ಹಂತ 7: ಬ್ಯಾಟರಿ, ಚಾರ್ಜರ್

1961ರಲ್ಲಿ ಬ್ಲಾಕ್ ಆ್ಯಂಡ್ ಡೆಕರ್ ಮೊದಲ ಕಾರ್ಡ್‌ಲೆಸ್ ಡ್ರಿಲ್ ತಂದಾಗ ಅದರಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇತ್ತು, ವೈರ್ ಡ್ರಿಲ್ ಮುಂದೆ ಅದು ಆಟಿಕೆ. (ಕಾರ್ಡ್‌ಲೆಸ್ ಡ್ರಿಲ್ ಕಂಡುಹಿಡಿದದ್ದು ನಾಸಾ ಅಂತ ಎಷ್ಟೋ ಕಡೆ ಓದುತ್ತೇವೆ. ಅಪೊಲೊ 15 ಚಂದ್ರನ ಮೇಲೆ ಡ್ರಿಲ್ ಓಡಿಸಿದ್ದು 1971ರಲ್ಲಿ, ಅಂದರೆ ಹತ್ತು ವರ್ಷದ ನಂತರ.) 2005ರಲ್ಲಿ ಮಿಲ್ವಾಕಿ 28 ವೋಲ್ಟ್ ಲಿಥಿಯಂ ಬ್ಯಾಟರಿ ತಂದ ಮೇಲೆ ಆಟವೇ ಬದಲಾಯಿತು. ಈಗ ನೀವು ಡ್ರಿಲ್ ಕೊಳ್ಳುತ್ತಿಲ್ಲ, ಒಂದು ಬ್ಯಾಟರಿ ಮನೆತನಕ್ಕೆ ಸಂಬಂಧ ಬೆಳೆಸುತ್ತಿದ್ದೀರಿ. ಮುಂದೆ ಬರುವ ಗ್ರೈಂಡರ್, ಜಿಗ್ ಸಾ, ಲೈಟ್ ಎಲ್ಲ ಅದೇ ಬ್ಯಾಟರಿಯಲ್ಲಿ ಓಡಬೇಕು. ಆದ್ದರಿಂದ ಡ್ರಿಲ್ ನೋಡುವ ಮೊದಲು ಆ ಕಂಪನಿಯ ಉಳಿದ ಯಂತ್ರಗಳ ಪಟ್ಟಿ ನೋಡಿ. ಕೆಲವು ಕಂಪನಿಗಳು ಒಂದೇ ಬ್ಯಾಟರಿ ಹಂಚಿಕೊಳ್ಳುತ್ತವೆ, ಮೆಟಾಬೊ ಶುರು ಮಾಡಿದ ಸಿಎಎಸ್ ಮತ್ತು ಬಾಷ್‌ನ ಆಂಪ್‌ಶೇರ್ ಅಂಥ ಒಕ್ಕೂಟಗಳು. ವಿಶೇಷ ಯಂತ್ರ ಬೇಕಾಗುವವರಿಗೆ ಇದು ಉಪಯೋಗ.

ಆಂಪಿಯರ್-ಅವರ್ ಎಂದರೆ ಎಷ್ಟು ಹೊತ್ತು ಓಡುತ್ತದೆ ಎಂಬುದಷ್ಟೇ ಅಲ್ಲ. 18 ವೋಲ್ಟಿನ 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಐದೇ ಸೆಲ್. 4 ಅಥವಾ 5ರದ್ದರಲ್ಲಿ ಹತ್ತು, ಎರಡೆರಡು ಜೋಡಿಯಾಗಿ. ಭಾರ ಬಿದ್ದಾಗ ಆ ಹೊರೆಯನ್ನು ಜೋಡಿ ಸೆಲ್‌ಗಳು ಹಂಚಿಕೊಳ್ಳುತ್ತವೆ, ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ. ಅದೇ ಡ್ರಿಲ್ ಸಣ್ಣ ಬ್ಯಾಟರಿಯಲ್ಲಿ ಏದುಸಿರು ಬಿಡುವುದು, ದೊಡ್ಡದರಲ್ಲಿ ನುಗ್ಗುವುದು ಇದಕ್ಕೇ. ನನ್ನ ಸಲಹೆ: ಸ್ಕ್ರೂ ಮತ್ತು ಸಣ್ಣ ತೂತಿಗೆ 2, ಹೋಲ್ ಸಾ ಮತ್ತು ದಪ್ಪ ಬಿಟ್‌ಗೆ 5. ಎರಡನ್ನೂ ಇಟ್ಟುಕೊಳ್ಳಿ. ದಿನವಿಡೀ ತಲೆಯ ಮೇಲೆ ಕೈ ಎತ್ತಿ ಕೆಲಸ ಮಾಡುವವನಿಗೆ 5ರ ಬ್ಯಾಟರಿ ಕೊಡಬೇಡಿ.

ಎಷ್ಟು ಬ್ಯಾಟರಿ ಬೇಕು? ಒಂದು ಬ್ಯಾಟರಿ ನಿಮ್ಮ ಕೆಲಸದಲ್ಲಿ 40 ನಿಮಿಷಕ್ಕೆ ಖಾಲಿಯಾಗುತ್ತದೆ, ಚಾರ್ಜ್ ಆಗಲು 60 ನಿಮಿಷ ಬೇಕು ಅನ್ನೋಣ. ಆಗ ಒಂದೇ ಚಾರ್ಜರಿಗೆ ಮೂರು ಬ್ಯಾಟರಿ ಕೊಟ್ಟರೂ ಮಧ್ಯಾಹ್ನದ ಹೊತ್ತಿಗೆ ಕೆಲಸ ನಿಲ್ಲುತ್ತದೆ. ಚಾರ್ಜರ್ ತುಂಬಿಸುವುದಕ್ಕಿಂತ ನೀವು ಬೇಗ ಖಾಲಿ ಮಾಡುತ್ತಿದ್ದೀರಿ. ಇಲ್ಲಿ ಬೇಕಿರುವುದು ಎರಡನೇ ಚಾರ್ಜರ್, ಅಥವಾ ವೇಗದ ಚಾರ್ಜರ್. 5 ಆಂಪಿಯರ್-ಅವರ್ ಬ್ಯಾಟರಿ 3 ಆಂಪಿಯರ್ ಚಾರ್ಜರಿನಲ್ಲಿ ಒಂದೂ ಮುಕ್ಕಾಲು ಗಂಟೆ ಹಿಡಿಯುತ್ತದೆ, 6 ಆಂಪಿಯರಿನದ್ದರಲ್ಲಿ ಒಂದು ಗಂಟೆಯೊಳಗೆ. ಬಿಸಿ ಬ್ಯಾಟರಿಯನ್ನು ಒಳ್ಳೆಯ ಚಾರ್ಜರ್ ತಣಿದ ಮೇಲೆಯೇ ತುಂಬಲು ಶುರು ಮಾಡುತ್ತದೆ, ಆ ಸಮಯವನ್ನೂ ಸೇರಿಸಿಕೊಳ್ಳಿ.

ಕಂಪನಿಯದಲ್ಲದ ನಕಲಿ ಬ್ಯಾಟರಿ ಬೇಡ. ಒಳಗೆ ರಕ್ಷಣೆಯ ಸರ್ಕ್ಯೂಟ್ ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ.

ಹಂತ 8: ಕೈ ಮತ್ತು ಮಣಿಕಟ್ಟು

ಡ್ರಿಲ್ ಗಕ್ಕನೆ ನಿಲ್ಲುವ ಕ್ಷಣದ ಟಾರ್ಕ್ ಅಂತ ಮೇಲೆ ಹೇಳಿದೆನಲ್ಲ, ಆ ಕ್ಷಣ ಬರುವುದು ಬಿಟ್ ಕಚ್ಚಿಕೊಂಡಾಗ. 80 ನ್ಯೂಟನ್-ಮೀಟರ್ ಟಾರ್ಕ್, ಹಿಡಿಕೆ ಚಕ್‌ನ ನಡುಗೆರೆಯಿಂದ 12 ಸೆಂಟಿಮೀಟರ್ ದೂರ ಅಂದರೆ ಮಣಿಕಟ್ಟಿನ ಮೇಲೆ ಬೀಳುವುದು 68 ಕಿಲೋ ಭಾರದಷ್ಟು ಬಲ. ಅದೂ ಕಣ್ಣು ಮಿಟುಕಿಸುವುದರೊಳಗೆ. ಪಕ್ಕದ ಹಿಡಿಕೆ ಹಾಕಿ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದೇ ಬಲ 27 ಕಿಲೋಗೆ ಇಳಿಯುತ್ತದೆ. ನಾನು ಪಕ್ಕದ ಹಿಡಿಕೆ ಬಿಚ್ಚಿಟ್ಟು ಶೀಟಿಗೆ ಹೋಲ್ ಸಾ ಹಾಕಿದ್ದೆ. ಕೊನೆಯ ಅರ್ಧ ಮಿಲಿಮೀಟರ್‌ನಲ್ಲಿ ಕಚ್ಚಿತು. ಮೂರು ವಾರ ಎಡಗೈಯಲ್ಲಿ ಬರೆದೆ.

ಆದ್ದರಿಂದ 60 ನ್ಯೂಟನ್-ಮೀಟರ್ ದಾಟಿದ ಡ್ರಿಲ್ ಕೊಳ್ಳುವುದಾದರೆ ಎರಡು ವಿಷಯ ನೋಡಿ: ಪಕ್ಕದ ಹಿಡಿಕೆ ಇದೆಯಾ, ಡ್ರಿಲ್ ಥಟ್ಟನೆ ತಿರುಚಿಕೊಂಡರೆ ಮೋಟಾರ್ ತಾನೇ ನಿಲ್ಲುವ ಸೆನ್ಸರ್ ಇದೆಯಾ. ಎರಡೂ ಇರಲಿ. ತಿರುಗುವ ಬಿಟ್ ಹತ್ತಿರ ಕೈಗವಸು ಬೇಡ, ಬಿಟ್ ಅದನ್ನು ಸುತ್ತಿಕೊಳ್ಳುತ್ತದೆ.

ಮ್ಯಾನ್ಯುಯಲ್‌ನಲ್ಲಿ ಕಂಪನದ ಅಂಕಿಯೂ ಇರುತ್ತದೆ. ಯುರೋಪಿನ ನಿಯಮದಲ್ಲಿ ಎಂಟು ಗಂಟೆಯ ಕೆಲಸಕ್ಕೆ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಮರ, ಲೋಹ ಕೊರೆಯುವಾಗ ಇದು ದೊಡ್ಡ ತೊಂದರೆಯಲ್ಲ. ಹ್ಯಾಮರ್ ಓಡಿಸುವವರು ಮಾತ್ರ ನೋಡಲೇಬೇಕು.

ಹಂತ 9: ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡುವುದು

ನಿಮ್ಮದೇ ಒಂದು ಹೊಸ 6 ಮಿ.ಮೀ. ಬಿಟ್, ಒಂದು ತುಂಡು ಮರ, ನಾಲ್ಕು ಸ್ಕ್ರೂ ಜೇಬಿನಲ್ಲಿಟ್ಟುಕೊಂಡು ಹೋಗಿ.

ಮೊದಲು ಬ್ಯಾಟರಿ ಹಾಕಿಯೇ ತೂಕ ನೋಡಿ. ಬರಿ ಯಂತ್ರದ ತೂಕ ಬರೆದಿರುವುದು ನಿಮಗೆ ಬೇಡ. ಎರಡು ನಿಮಿಷ ಕೈ ಚಾಚಿ ಹಿಡಿಯಿರಿ. ಆಮೇಲೆ ಬಿಟ್ ಹಾಕಿ ಎರಡನೇ ಗೇರಿನಲ್ಲಿ ನಿಧಾನಕ್ಕೆ ತಿರುಗಿಸಿ, ತುದಿಯನ್ನು ಬದಿಯಿಂದ ನೋಡಿ. ತುದಿ ಸಣ್ಣ ವೃತ್ತ ಬರೆಯುತ್ತಿದ್ದರೆ ಬಿಟ್ ಬಿಚ್ಚಿ ಮತ್ತೆ ಹಾಕಿ. ಆಗಲೂ ಅಲ್ಲಾಡಿದರೆ ಚಕ್ ಸರಿ ಇಲ್ಲ, ಇನ್ನೊಂದು ಕೇಳಿ. ಚಕ್ ಹಿಡಿದು ಮೇಲೆ ಕೆಳಗೆ ಆಡಿಸಿ, ಬೇರಿಂಗಿನ ಸಡಿಲ ಕೈಗೆ ತಿಳಿಯುತ್ತದೆ.

ಈಗ ಟ್ರಿಗರ್. ಬಿಟ್ ಸುತ್ತುವುದನ್ನು ಎಣಿಸುವಷ್ಟು ನಿಧಾನವಾಗಿ ಓಡಿಸಲು ಆಗುತ್ತದಾ? ಒತ್ತಿದ ಕೂಡಲೇ ಜಿಗಿಯುವ ಟ್ರಿಗರ್ ಇದ್ದರೆ ಅಲ್ಲಿಗೇ ಬಿಡಿ. ಬೆರಳು ತೆಗೆದಾಗ ಚಕ್ ತಕ್ಷಣ ನಿಲ್ಲಬೇಕು. ಕೊನೆಗೆ ಕ್ಲಚ್ ಅನ್ನು ಕಡಿಮೆ ನಂಬರಿಗೆ ಇಟ್ಟು ಮರಕ್ಕೆ ನಾಲ್ಕೂ ಸ್ಕ್ರೂ ಹಾಕಿ. ನಾಲ್ಕರ ತಲೆಯೂ ಒಂದೇ ಆಳದಲ್ಲಿ ನಿಂತರೆ ಕ್ಲಚ್ ನಂಬಬಹುದು. ಕಪಾಟು, ಲ್ಯಾಮಿನೇಟ್ ಕೆಲಸದವರಿಗೆ ನನ್ನ ಪ್ರಕಾರ ಇದೇ ದೊಡ್ಡ ಪರೀಕ್ಷೆ.

ಹಂತ 10: ವಾರಂಟಿ, ಬಿಡಿಭಾಗ, ಎಷ್ಟು ಯಂತ್ರ

ವಾರಂಟಿ ಕಾರ್ಡನ್ನು ಅಲ್ಲೇ ಓದಿ. ಮನೆ ಬಳಕೆಗೆ ಮಾಡಿದ ಡ್ರಿಲ್‌ಗಳಲ್ಲಿ ವ್ಯಾಪಾರಕ್ಕೆ ಬಳಸಿದರೆ ವಾರಂಟಿ ಇಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುವುದುಂಟು. ಬಾಷ್‌ನಂಥ ಕಂಪನಿಯಲ್ಲಿ ಬಣ್ಣದಿಂದಲೇ ಗೊತ್ತಾಗುತ್ತದೆ, ಹಸಿರು ಮನೆಗೆ, ನೀಲಿ ಕೆಲಸದವರಿಗೆ. ಸ್ವಿಚ್, ಚಕ್, ಗೇರ್ ಬಾಕ್ಸ್ ಬಿಡಿಯಾಗಿ ಸಿಗುತ್ತದಾ, ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿ.

ನಾಲ್ಕೈದು ಜನ ಇರುವ ವರ್ಕ್‌ಶಾಪಾದರೆ ಚಿಕ್ಕ ಡ್ರಿಲ್ ಆಳಿಗೊಂದು, ದೊಡ್ಡದು ಎಲ್ಲರಿಗೂ ಸೇರಿ ಒಂದು. ದೊಡ್ಡದಕ್ಕೆ ಪಕ್ಕದ ಹಿಡಿಕೆ ಹಾಕಿದಂತೆಯೇ ನೇತುಹಾಕಿ, ಬಿಚ್ಚಿಡಲು ಬಿಡಬೇಡಿ.

ಬಂದ ದಿನವೇ ಪ್ರತಿ ಬ್ಯಾಟರಿಯ ಬೆನ್ನಿಗೆ ಮಾರ್ಕರಿನಲ್ಲಿ ನಂಬರ್ ಮತ್ತು ತಿಂಗಳು ಬರೆಯಿರಿ. ಯಾವುದು ಬೇಗ ಸೋಲುತ್ತಿದೆ ಅಂತ ಆರು ತಿಂಗಳಲ್ಲಿ ಗೊತ್ತಾಗುತ್ತದೆ, ವಾರಂಟಿ ಮುಗಿಯುವ ಮೊದಲೇ ವಾಪಸ್ ಕೊಡಬಹುದು. ಚಾರ್ಜರ್‌ಗಳನ್ನು ಗ್ರೈಂಡರ್‌ನಿಂದ ದೂರದ ಗೋಡೆಗೆ ಹಾಕಿ. ಕಬ್ಬಿಣದ ಪುಡಿ ಬ್ಯಾಟರಿಯ ಪಿನ್‌ಗಳ ನಡುವೆ ಕೂತರೆ ಶಾರ್ಟ್ ಆಗುತ್ತದೆ. ಬಳಸದ ಬ್ಯಾಟರಿಗೆ ಕ್ಯಾಪ್ ಹಾಕಿ, ಅರ್ಧ ಚಾರ್ಜಿನಲ್ಲಿ, ಬಿಸಿಲು ಬೀಳದ ಕಡೆ ಇಡಿ.